ಮುಂದಿನ ಪಂಕ್ತಿಯವರು

"ರೀ, ಬೇಗ ಬನ್ನಿ! ಗೋಡೆ ಮೇಲೆ ಹರಳು ಬೀಜ ನಡ್ಕೊಂಡು ಹೋಗ್ತಿದೆ!"

ಬೆಳಗಿನ ಕಾಫಿ ಇನ್ನೂ ಅರ್ಧ ಲೋಟ ಉಳಿದಿತ್ತು. ಮೂವತ್ತೈದು ವರ್ಷ ಸಂಸಾರ ಮಾಡಿದವನಿಗೆ ಹೆಂಡತಿಯ ಕೂಗಿನಲ್ಲಿ ದರ್ಜೆಗಳಿರುವುದು ಗೊತ್ತಿರುತ್ತದೆ. ಜಿರಲೆಗೆ ಒಂದು, ಹಲ್ಲಿಗೆ ಒಂದು, ಹಾಲು ಉಕ್ಕಿದ್ದಕ್ಕೆ ಮತ್ತೊಂದು. ಇದು ಯಾವ ದರ್ಜೆಗೂ ಸೇರದ ಕೂಗು. ಕನ್ನಡಕ ಏರಿಸಿಕೊಂಡು ಹೋಗಿ ನೋಡಿದೆ. ದೇವರ ಮನೆಯ ಬಾಗಿಲ ಪಕ್ಕದಲ್ಲಿ, ಬೂದು ಬಣ್ಣದ ದುಂಡನೆಯ ಬೀಜವೊಂದು ಹೊಟ್ಟೆಗೆ ಹೋಲಿಸಿದರೆ ತೀರಾ ಪುಟಾಣಿಯಾದ ಕಾಲುಗಳನ್ನು ಒಂದೊಂದಾಗಿ ಎತ್ತಿಡುತ್ತ ಗಡಿಯಾರದ ಕಡೆಗೆ ಏರುತ್ತಿತ್ತು. ಮದುವೆ ಊಟ ಮುಗಿಸಿ ಛತ್ರದ ಮೆಟ್ಟಿಲು ಹತ್ತುವ ಬೀಗರ ನಡಿಗೆ. ಅವಸರವಿಲ್ಲ, ಸಂಕೋಚವಂತೂ ಇಲ್ಲವೇ ಇಲ್ಲ.

ಅಮ್ಮ ಹುಟ್ಟಿ ಬೆಳೆದದ್ದು ಸಾಗರದ ಕಡೆ, ಕೊಟ್ಟಿಗೆ ತುಂಬ ದನಗಳಿದ್ದ ಮನೆಯಲ್ಲಿ. ಒಂದೇ ನೋಟಕ್ಕೆ ತೀರ್ಪು ಕೊಟ್ಟಳು: "ಬೀಜವೂ ಅಲ್ಲ ಗೀಜವೂ ಅಲ್ಲ. ಉಣುಗು. ಹೊಟ್ಟೆ ಬಿರಿಯ ಉಂಡಿದೆ. ಯಾರ ರಕ್ತವೋ ಏನೋ."

ಮೂವರೂ ಒಟ್ಟಿಗೆ ಸೋಫಾದ ಕಡೆ ತಿರುಗಿದೆವು. ಅಲ್ಲಿ ಅಂಗಾತ ಮಲಗಿದ್ದವನು ಹಿಂಗಾಲಿನಿಂದ ಕಿವಿ ಪರಪರ ಕೆರೆದುಕೊಂಡ.

ಅವನ ನಿಜವಾದ ಹೆಸರು ಆಸ್ಕರ್. ಬೆಂಗಳೂರಿನಲ್ಲಿ ನನ್ನ ಮಗ ಸಾಕಿದ್ದ ನಾಯಿ. ಬಾಡಿಗೆ ಮನೆಯ ಓನರ್ ತಕರಾರು ಮಾಡಿದರೆಂದು "ಹದಿನೈದೇ ದಿನ ಅಪ್ಪಾ" ಎಂದು ಮೈಸೂರಿಗೆ ತಂದು ಬಿಟ್ಟು ಹೋದ. ಆ ಹದಿನೈದು ದಿನಕ್ಕೆ ಈಗ ಮೂರು ವರ್ಷ. ಅಮ್ಮನ ಬಾಯಿಗೆ ಆಸ್ಕರ್ ಹೊರಳಲಿಲ್ಲ, ಭಾಸ್ಕರ ಆಯಿತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಹೆಸರೂ ಅದೇ ಆಗಿರುವುದು ಅಮ್ಮನ ತಪ್ಪಲ್ಲ. ಆದರೆ ಅವತ್ತು ಅಂಗಳದಲ್ಲಿ ನಿಂತು, "ಭಾಸ್ಕರನ ಕಿವಿ ತುಂಬ ಉಣುಗು ಕಣೇ, ಬಾಲದ ಬುಡದಲ್ಲೂ ನೋಡು" ಎಂದು ಸೊಸೆಗೆ ಕೂಗಿ ಹೇಳಿದ್ದು ಮಾತ್ರ ಸ್ವಲ್ಪ ಜೋರಾಯಿತು. ಮೇಷ್ಟ್ರು ಎರಡು ದಿನ ವಾಕಿಂಗಿಗೆ ನನ್ನ ಜೊತೆ ಬರಲಿಲ್ಲ.

ಮಲೆನಾಡಿನ ಉಣುಗೇ ನಮ್ಮ ಬಯಲುಸೀಮೆಯ ಉಣ್ಣೆ. ಹೆಸರೇ ತೊಂದರೆಯದು. ಫೋನಿನಲ್ಲಿ ತಂಗಿಗೆ, "ಮನೆ ತುಂಬ ಉಣ್ಣೆ ಆಗಿದೆ ಕಣೇ" ಎಂದು ಗೋಳು ಹೇಳಿಕೊಂಡರೆ, "ಹಾಗಾದ್ರೆ ಅತ್ತಿಗೆಗೆ ಹೇಳಿ ನನಗೂ ಒಂದು ಸ್ವೆಟರ್ ಹಾಕಿಸೋ" ಅಂದಳು. ವಿಷಯ ತಿಳಿದ ಮೇಲೆ, ಮುಂದಿನ ವಾರ ಬರಬೇಕಿದ್ದವಳು ಬರಲಿಲ್ಲ.

ರಕ್ತ ಕುಡಿಯುವ ಜಾತಿಯಲ್ಲೂ ಅಂತಸ್ತುಗಳಿವೆ ನೋಡಿ. ಸೊಳ್ಳೆ ಮನೆಯಲ್ಲಿದೆ ಎಂದು ಯಾರೂ ಮುಚ್ಚಿಡುವುದಿಲ್ಲ. ಅದು ಕಿವಿಯ ಹತ್ತಿರ ಹಾಡಿ, ಹೇಳಿ ಕೇಳಿ ಕಚ್ಚುತ್ತದೆ. ಹೇನು ಶಾಲೆಗೆ ಹೋಗುವ ಮಕ್ಕಳ ಹಕ್ಕು. ತಿಗಣೆಯನ್ನು ರೈಲಿನ ಮೇಲೆ, ಹಾಸ್ಟೆಲಿನ ಮೇಲೆ ಹೊರಿಸಬಹುದು. ಉಣ್ಣೆಗೆ ಮಾತ್ರ ಹೊಣೆ ಹೊರುವವರಿಲ್ಲ. ಹೆಂಡತಿ "ನಿಮ್ಮ ಮಗ ತಂದ ನಾಯಿ" ಎಂದಳು. ರ‍್ಯಾಂಕ್ ಬಂದ ದಿನ ಇದೇ ಮಗ ಅವಳ ಮಗನಾಗಿದ್ದ. ನಾನು, ದಿನಾ ನಾಯಿಯನ್ನು ಪಕ್ಕದ ಖಾಲಿ ಸೈಟಿನ ಹುಲ್ಲಿಗೆ ಬಿಡುವವಳು ಅವಳೇ ಎಂದು ನೆನಪಿಸಿದೆ. ಆ ಹೊತ್ತಿಗೆ ಹರಳು ಬೀಜ ಗಡಿಯಾರದ ಹಿಂದೆ ಹೋಗಿ ಅಂತರ್ಧಾನವಾಗಿತ್ತು.

ಮರುದಿನ ಪಾರ್ಕಿನ ಕಲ್ಲುಬೆಂಚಿನಲ್ಲಿ ವಿಷಯ ಇಟ್ಟೆ. ನಮ್ಮ ಬೆಂಚಿನಲ್ಲಿ ಕೂರುವ ಐದು ಜನರಲ್ಲಿ ವೈದ್ಯರಿಲ್ಲ, ಔಷಧಿಗೆ ಮಾತ್ರ ಬರವಿಲ್ಲ. ಒಬ್ಬರು ಸೀಮೆಎಣ್ಣೆ ಸವರಿ ಎಂದರು. ಇನ್ನೊಬ್ಬರು ಆರಿಸಿದ ಬೆಂಕಿಕಡ್ಡಿಯ ತುದಿ ತಾಗಿಸಿದರೆ ತಾನಾಗಿ ಬಿಡುತ್ತದೆ ಎಂದರು. ಮೂರನೆಯವರದು ಹೊಗೆಸೊಪ್ಪು ನೆನೆಸಿದ ನೀರು. ನಾಲ್ಕನೆಯವರು ನಾಯಿಯನ್ನೇ ಬಿಟ್ಟುಬಿಡಿ ಎಂದರು. ಅವರ ಮನೆಯಲ್ಲಿ ಬೆಕ್ಕಿದೆ.

ಹೆಂಡತಿ, ಭಾಸ್ಕರನ ಸಮೇತ ಹೋಗಿ ಇಷ್ಟನ್ನೂ ಪಶುವೈದ್ಯೆಯ ಮುಂದೆ ಒಪ್ಪಿಸಿದಾಗ ಆ ಹುಡುಗಿ ಕೈಮುಗಿಯುವುದೊಂದು ಬಾಕಿ. "ಅಂಕಲ್, ದಯವಿಟ್ಟು ಯಾವುದೂ ಬೇಡ. ಎಣ್ಣೆ, ಬೆಂಕಿ ಎಂದು ಅದನ್ನು ರೇಗಿಸಿದರೆ ಕುಡಿದದ್ದನ್ನು ಜೊಲ್ಲಿನ ಸಮೇತ ಗಾಯದೊಳಕ್ಕೇ ಕಾರಬಹುದು. ಹೊಗೆಸೊಪ್ಪಿನ ನೀರು ನಾಯಿಗೇ ವಿಷ." ಎಂದವಳೇ ಸಣ್ಣ ಚಿಮುಟ ತೆಗೆದು ಮಾಡಿ ತೋರಿಸಿದಳು. ಕೂದಲನ್ನು ಎರಡೂ ಕಡೆ ಬಿಡಿಸಿ, ಹೊಟ್ಟೆಗೆ ಕೈಹಾಕದೆ, ಚರ್ಮಕ್ಕೆ ಅಂಟಿದ ಬಾಯಿಯ ಬುಡದಲ್ಲೇ ಹಿಡಿದು, ತಿರುಚದೆ, ಒಂದೇ ಹದದಲ್ಲಿ ನೆಟ್ಟಗೆ ಎಳೆದಳು. ಚರ್ಮ ಸಣ್ಣ ಗುಡಾರದಂತೆ ಎದ್ದು ನಿಂತು, ಮತ್ತೆ ಕುಳಿತಿತು. ಭಾಸ್ಕರ ಹೂಂ ಎನ್ನಲಿಲ್ಲ. ಉಣ್ಣೆ ಸ್ಪಿರಿಟಿನ ಶೀಶೆಗೆ ಬಿತ್ತು. "ಬೆರಳಲ್ಲಿ ಮಾತ್ರ ಅಮುಕಿ ಸಾಯಿಸಬೇಡಿ. ಅದರ ಹೊಟ್ಟೆಯಲ್ಲಿ ರಕ್ತದ ಜೊತೆ ರೋಗವೂ ಇರಬಹುದು. ತೆಗೆದ ಮೇಲೆ ಕೈ ತೊಳೀರಿ."

ಆಮೇಲೆ ಅವಳು ಹೇಳಿದ್ದು ಕೇಳಿ ನಾನು ಆ ಪ್ರಾಣಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ. ಇದು ಹುಳುವೇ ಅಲ್ಲವಂತೆ. ಎಂಟು ಕಾಲು, ಜೇಡ ಮತ್ತು ಚೇಳಿನ ದಾಯಾದಿ. ಹಾರುವುದಿಲ್ಲ, ನೆಗೆಯುವುದಿಲ್ಲ. ಮೂಗು ಇರುವುದು ಮುಂಗಾಲಿನ ತುದಿಯಲ್ಲಿ: ಎರಡು ಕೈ ಮುಂದೆ ಚಾಚಿ ನಿಂತಿತೆಂದರೆ ನಮ್ಮ ಉಸಿರು, ಮೈಬಿಸಿ ಎಲ್ಲ ತಿಳಿಯುತ್ತದೆ. ಮೊಟ್ಟೆಯೊಡೆದ ಮರಿಗೆ ಆರೇ ಕಾಲು. ಅದು ನಾಯಿಯನ್ನು ಹತ್ತಿ ಒಂದು ಊಟ ಮಾಡಿ, ಕೆಳಗೆ ಬಿದ್ದು, ಸಂದಿಯಲ್ಲಿ ಪೊರೆ ಕಳಚಿ ಎಂಟು ಕಾಲಿನದಾಗುತ್ತದೆ. ಮತ್ತೆ ಹತ್ತಿ ಎರಡನೆಯ ಊಟ, ಮತ್ತೆ ಬಿದ್ದು ಪೊರೆ. ಮೂರನೆಯ ಊಟವನ್ನು ಸುಮಾರು ಒಂದು ವಾರ ಕೂತು ಉಂಡ ಹೆಣ್ಣು, ಉಬ್ಬಿ ಹರಳು ಬೀಜವಾಗಿ, ಗೋಡೆ ಹತ್ತಿ, ಬಿರುಕಿನಲ್ಲಿ 4,000ದವರೆಗೂ ಮೊಟ್ಟೆಯಿಟ್ಟು ಸಾಯುತ್ತದೆ. ಜೀವಮಾನಕ್ಕೆ ಮೂರೇ ಊಟ! ಸಿಕ್ಕದಿದ್ದರೆ ಬೆಳೆದ ಉಣ್ಣೆ ಒಂದು ವರ್ಷಕ್ಕೂ ಹೆಚ್ಚು ಕಾಲ ಉಪವಾಸ ಕಾಯಬಲ್ಲದು. ಏಕಾದಶಿ ದಿನ ಅವಲಕ್ಕಿ, ಉಪ್ಪಿಟ್ಟು, ಹಣ್ಣು, ಹಾಲು ಎಂದು ಬೆಳಗಿನಿಂದ ಉಪವಾಸ ಮಾಡುವ ನಾವೆಲ್ಲಿ, ಇದೆಲ್ಲಿ?

"ಮೂರು ಊಟ ಹೆಣ್ಣಿನ ಲೆಕ್ಕ ಆಂಟಿ," ಎಂದಳು ಡಾಕ್ಟರು. "ಬೆಳೆದ ಗಂಡು ಹಾಗಲ್ಲ, ಆಗಾಗ ಸ್ವಲ್ಪ ಸ್ವಲ್ಪ ಬಾಯಾಡಿಸ್ತಾನೇ ಇರುತ್ತೆ."

ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು. ಏನೂ ಹೇಳಲಿಲ್ಲ.

ಈಗ ಲೆಕ್ಕ ಹಾಕಿ. ನಾವು ನಾಯಿಯ ಮೈಮೇಲೆ ಎಣಿಸುವುದು ಎಲೆ ಮುಂದೆ ಕುಳಿತವರನ್ನು ಮಾತ್ರ. ಉಂಡು ಎದ್ದವರು, ಕೈ ತೊಳೆದು ಮುಂದಿನ ಪಂಕ್ತಿಗೆ ಕಾದು ನಿಂತವರು, ಇನ್ನೂ ಹುಟ್ಟಬೇಕಾದವರು, ಎಲ್ಲರೂ ನಮ್ಮ ಮನೆಯೊಳಗೇ ಇದ್ದಾರೆ: ಸ್ಕರ್ಟಿಂಗಿನ ಸಂದಿಯಲ್ಲಿ, ಸೋಫಾದ ಹೊಲಿಗೆಯಲ್ಲಿ, ಪರದೆಯ ಮಡಿಕೆಯಲ್ಲಿ, ತಾತನ ಫೋಟೋದ ಹಿಂದೆ. ಉಳಿದ ಹೆಚ್ಚಿನ ಜಾತಿಯ ಉಣ್ಣೆಗಳಿಗೆ ಕಾಡು, ಹುಲ್ಲು, ತೇವ ಬೇಕು. ನಾಯಿಯ ಈ ಕಂದು ಉಣ್ಣೆಯಾದರೋ ಮನೆಯೊಳಗೇ ಹುಟ್ಟಿ, ಮನೆಯೊಳಗೇ ಸಂಸಾರ ಮಾಡುತ್ತದೆ. ನಾಯಿಯನ್ನು ಎಷ್ಟು ಸಲ ಮೀಯಿಸಿದರೂ ಇವು ಮುಗಿಯದಿರುವುದಕ್ಕೆ ಕಾರಣ ಇದೇ.

ಮನೆಗೆ ಬಂದು ಅಮ್ಮನಿಗೆ ಇಷ್ಟನ್ನೂ ವರದಿ ಮಾಡಿದೆ. ನಗಬಹುದೆಂದುಕೊಂಡಿದ್ದೆ. ಅವಳು ನಗಲಿಲ್ಲ. "ನಿಮಗೆ ಇದು ತಮಾಷೆ," ಎಂದಳು. "ನಮ್ಮ ಕಡೆ ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಅಂದ್ರೆ ದರಕು, ತರಗೆಲೆ ಗುಡಿಸೋಕೆ ಹೋಗೋರು ಬುಟ್ಟಿ ಇಳಿಸಿ ಮನೆಯಲ್ಲಿ ಕೂರ್ತಿದ್ದರು."

ಅವಳು ಹೇಳುತ್ತಿದ್ದುದು ಮಂಗನ ಕಾಯಿಲೆಯ ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಹಿಡಿದು, ರೋಗಕ್ಕೆ ಆ ಕಾಡಿನ ಹೆಸರೇ ಉಳಿಯಿತು. ಪಾಪದ ಮಂಗಕ್ಕೆ ಅಪಖ್ಯಾತಿ, ಹೊತ್ತು ತಿರುಗಿದ್ದು ಉಣುಗು. ಅದೂ ಕಣ್ಣಿಗೆ ಸುಲಭವಾಗಿ ಬೀಳದಷ್ಟು ಚಿಕ್ಕ, ಇನ್ನೂ ಪೂರ್ತಿ ಬಲಿಯದ ಉಣುಗು. ಇವತ್ತಿಗೂ ಚಳಿಗಾಲ ಕಾಲಿಟ್ಟಿತೆಂದರೆ ಮಲೆನಾಡಿನಲ್ಲಿ ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಬೇಕು. ಆ ಉಣುಗು ಕಾಡಿನದು, ಬೇರೆ ಜಾತಿ. ನಮ್ಮ ಗೋಡೆಯ ಅತಿಥಿಗೆ ಮನುಷ್ಯನ ರಕ್ತ ಅಷ್ಟಾಗಿ ರುಚಿಸದು. ಆದರೆ ನಾಯಿಗೆ ಟಿಕ್ ಫೀವರ್ ತಂದಿಡುವುದು ಅದೇ. ನಾಯಿ ಊಟ ಬಿಟ್ಟು, ಸುಸ್ತಾಗಿ, ಒಸಡು ಬಿಳಿಚಿಕೊಂಡರೆ ಪಾರ್ಕಿನ ಬೆಂಚಿಗಲ್ಲ, ನೇರ ರಕ್ತಪರೀಕ್ಷೆಗೆ ಓಡಬೇಕು.

ಇಷ್ಟೆಲ್ಲ ತಿಳಿದ ಮೇಲೆ ಸಮರ ಸಾರಿದೆವು. ಭಾಸ್ಕರನಿಗೆ ತೂಕ ನೋಡಿ ಕೊಟ್ಟ ಮಾತ್ರೆ. ಅದು ಹೊಟ್ಟೆಗೆ ಹೋದ ಮೇಲೆ ಅವನನ್ನು ಕಚ್ಚಿದ ಉಣ್ಣೆ ಸಾಯುತ್ತದೆ, ಅಂದರೆ ಪಂಕ್ತಿಗೆ ಕುಳಿತವನಿಗೆ ಅದೇ ಕೊನೆಯ ಊಟ. (ನಾಯಿಯ ಬೆನ್ನಿಗೆ ಬಿಡುವ ಕೆಲವು ಹನಿಮದ್ದುಗಳು ಬೆಕ್ಕಿನ ಪ್ರಾಣಕ್ಕೇ ಎರವಂತೆ. ಬೆಂಚಿನ ನಾಲ್ಕನೆಯವರಿಗೆ ಇದನ್ನು ಮರೆಯದೆ ಹೇಳಿದೆ; ಸ್ವಲ್ಪ ಸಂತೋಷದಿಂದಲೇ ಹೇಳಿದೆ.) ನಾಯಿಯ ಹಾಸಿಗೆ, ದಿಂಬಿನ ಚೀಲ, ಕಾಲೊರಸು ಕುದಿಯುವಷ್ಟು ಬಿಸಿನೀರಿಗೆ. ವ್ಯಾಕ್ಯೂಮ್ ಕ್ಲೀನರಿನ ಚೀಲ ಪ್ರತಿ ಸಲವೂ ಗಂಟು ಕಟ್ಟಿ ಹೊರಕ್ಕೆ. ಬಿರುಕುಗಳಿಗೆ ಬಿಳಿ ಸಿಮೆಂಟು. ಆಮೇಲೆ ಔಷಧಿ ಹೊಡೆಯುವವನು ಬಂದ. ಎರಡು ವಾರ ಬಿಟ್ಟು ಮತ್ತೆ ಬಂದ. ಮೊಟ್ಟೆಗೆ ಔಷಧಿ ತಾಗದು, ಒಡೆದು ಹೊರಬಂದವರನ್ನು ವಿಚಾರಿಸಿಕೊಳ್ಳಲು ಎರಡನೆಯ ಸುತ್ತು ಬೇಕು. ಅವನು ಹೊಡೆದಷ್ಟು ಹೊತ್ತೂ ಅಮ್ಮ, ಭಾಸ್ಕರ, ನಾವಿಬ್ಬರು ಮೇಷ್ಟ್ರ ಮನೆಯ ಜಗುಲಿಯಲ್ಲಿ. ಇಬ್ಬರು ಭಾಸ್ಕರರಿಗೂ ರಾಜಿಯಾದದ್ದು ಅಲ್ಲೇ.

ಸಿಕ್ಕ ಉಣ್ಣೆಯನ್ನು ಸೆಲ್ಲೋಟೇಪಿಗೆ ಅಂಟಿಸಿ, ಮಡಿಸಿ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಸಂಖ್ಯೆ ಗುರುತು ಮಾಡುವುದು ನನ್ನ ಇಲಾಖೆ. ಬ್ಯಾಂಕಿನಲ್ಲಿ ಸವೆಸಿದ ಕೈ, ಲೆಕ್ಕವಿಲ್ಲದೆ ನಿದ್ದೆ ಬಾರದು. ಹಾ 1, ಉ 14. ಹಾ 1, ಉ 9. ಹಾ ಒಂದೂವರೆ (ಮಗ ಬಂದಿದ್ದ), ಉ 6. ತಿಂಗಳ ಕೊನೆಗೆ ಹಾಲಿನ ಹುಡುಗ ಕ್ಯಾಲೆಂಡರ್ ನೋಡಿ, "ಸಾರ್, ಹಾಲು ನಂದು. ಈ ಉ ಯಾರು ಹಾಕ್ತಿರೋದು?" ಎಂದು ಕೇಳಿದ. ಪೈಪೋಟಿಗೆ ಬೇರೆ ಡೇರಿಯವನು ಬಂದಿದ್ದಾನೆಂದು ಅವನಿಗೆ ಅನುಮಾನ.

ಮನೆಯಲ್ಲಿ ಅಡುಗೆಯೂ ಬದಲಾಯಿತು. ಹಸಿದ ಉಣ್ಣೆ ಥೇಟು ಅಗಸೆ ಬೀಜ: ಕಂದು, ಚಪ್ಪಟೆ, ನುಣುಪು. ಉಂಡದ್ದು ಒಣದ್ರಾಕ್ಷಿ. ಹಾಗಾಗಿ ಅಗಸೆ ಚಟ್ನಿಪುಡಿ ನಿಂತಿತು, ಪಾಯಸದಲ್ಲಿ ದ್ರಾಕ್ಷಿ ನಿಂತಿತು. ಒಂದು ರಾತ್ರಿ ನೆಲದಲ್ಲಿ ಕಪ್ಪಗೆ ಏನೋ ಉರುಳಿತೆಂದು ದೀಪ ಹಾಕಿ, ಟಾರ್ಚು ಹಿಡಿದು, ಮೂವರೂ ಮಂಡಿಯೂರಿ ಕುಳಿತೆವು. ಭಾಸ್ಕರ ನಡುವೆ ನುಗ್ಗಿ ನೆಕ್ಕಿಬಿಟ್ಟ. ಒಗ್ಗರಣೆಯಿಂದ ಸಿಡಿದ ಸಾಸಿವೆ.

ಮೂರನೆಯ ತಿಂಗಳಿಗೆ ಉ ಪಕ್ಕದಲ್ಲಿ ಸೊನ್ನೆ ಕೂತಿತು. ಮತ್ತೆ ಸೊನ್ನೆ. ಇಡೀ ತಿಂಗಳು ಸೊನ್ನೆ. ತಂಗಿ ಬಂದು ನಾಲ್ಕು ದಿನ ಇದ್ದು ಹೋದಳು. ಮಾತ್ರೆ ಮಾತ್ರ ನಿಲ್ಲಿಸಿಲ್ಲ. ವರ್ಷ ಕಾಯಬಲ್ಲವರ ಜೊತೆ ವ್ಯವಹಾರ ಅದು.

ಮೊನ್ನೆ ನಂಟರ ಮದುವೆಗೆ ಹೋಗಿದ್ದೆವು. ಮಾತಾಡುತ್ತ ನಿಂತು ಮೊದಲ ಪಂಕ್ತಿ ತಪ್ಪಿತು. ಊಟದ ಹಾಲಿನೊಳಗೆ ನುಗ್ಗಿ, ಸಾಲು ಸಾಲು ನೋಡುತ್ತ ಹೋದೆ. ಸಾರಿನಲ್ಲಿರುವವರು ಬೇಡ, ಹೋಳಿಗೆಯವರು ಬೇಡ. ಮಜ್ಜಿಗೆಗೆ ಬಂದಿದ್ದ ಒಬ್ಬ ಮಹನೀಯರು ಸಿಕ್ಕರು. ಅವರ ಬೆನ್ನ ಹಿಂದೆ ನಿಂತು, ಎರಡು ಕೈಗಳನ್ನೂ ಮುಂದೆ ಚಾಚಿ ಅವರ ಕುರ್ಚಿಯ ಬೆನ್ನು ಹಿಡಿದು, ಕಣ್ಣುಮುಚ್ಚಿ, ಹುಳಿಯ ವಾಸನೆಯನ್ನು ಒಮ್ಮೆ ಗಾಢವಾಗಿ ಎಳೆದುಕೊಂಡೆ.

ಪಕ್ಕದ ಕುರ್ಚಿ ಹಿಡಿದು ನಿಂತಿದ್ದ ಹೆಂಡತಿ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಅಂದಳು: "ರೀ, ಕೈ ಕೆಳಗಿಳಿಸಿ. ಥೇಟು ಅದೇ."