ಒಸಿ ಎತ್ತಿ ನೂಕಿ

ಪಾಂಡವಪುರದ ನಮ್ಮ ಮನೆಗೆ ಕರೆಗಂಟೆ ಇದೆ. ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಯಾರು ಗಂಟೆ ಒತ್ತಿದರೂ ಅಡುಗೆಮನೆಯಿಂದ ನನ್ನ ಹೆಂಡತಿ ಕೂಗುವುದು ಒಂದೇ ಮಾತು: "ಒಸಿ ಎತ್ತಿ ನೂಕಿ!" ಹಾಲಿನವನಿಗೆ ಇದನ್ನು ಹೇಳಬೇಕಾಗಿಲ್ಲ. ಗ್ಯಾಸ್ ತರುವ ಹುಡುಗನಂತೂ ಸಿಲಿಂಡರು ಹೆಗಲ ಮೇಲಿದ್ದಂತೆಯೇ ಚಿಲಕ ಹಿಡಿದು ಕದವನ್ನು ಅರ್ಧ ಬೆರಳು ಎತ್ತಿ, ಮಂಡಿಯಿಂದ ಒಂದು ಗುದ್ದು ಕೊಟ್ಟು ಒಳಗೆ ಬಂದುಬಿಡುತ್ತಾನೆ. ತಿಳಿಯದವರು ಹೊರಗೇ ನಿಂತು ಬಾಗಿಲನ್ನು ಎಳೆಯುತ್ತಾರೆ, ಅಲುಗಿಸುತ್ತಾರೆ, ಕೊನೆಗೆ ಫೋನು ಮಾಡುತ್ತಾರೆ. ಮಗಳ ಮದುವೆಯ ಮಾತಿಗೆ ಬಂದ ಬೀಗರು ಹೀಗೆ ಐದು ನಿಮಿಷ ಜಗಲಿಯ ಮೇಲೆ ನಿಂತಿದ್ದರು. ಈಗ ಅವರೂ ಎತ್ತಿ ನೂಕುತ್ತಾರೆ.

ಇದರಲ್ಲಿ ತಮಾಷೆ ಏನೆಂದರೆ, ನಾಲ್ಕು ತಾಲ್ಲೂಕಿನ ನೆಂಟರ ನಡುವೆ ನನಗೆ ಬಾಗಿಲು ಡಾಕ್ಟರು ಎಂಬ ಹೆಸರಿದೆ.

ನಿವೃತ್ತನಾದ ವರ್ಷ ಮಗ ಒಂದು ಸ್ಕ್ರೂಡ್ರೈವರ್ ಸೆಟ್ಟು ತಂದುಕೊಟ್ಟ. ಅಪ್ಪ ಮನೆಯಲ್ಲಿ ಕೂತು ಎಲ್ಲರ ಮಾತಿಗೂ ಸ್ಕ್ರೂ ಬಿಗಿಯುವುದಕ್ಕಿಂತ ಬಾಗಿಲಿಗೆ ಬಿಗಿಯಲಿ ಎಂಬ ದೂರದೃಷ್ಟಿ ಅವನದು. ತಂಗಿ ಇರುವುದು ಕೆ.ಆರ್. ಪೇಟೆಯಲ್ಲಿ, ಮಾವನ ಮನೆ ನಾಗಮಂಗಲದ ಕಡೆ, ಚಿಕ್ಕಪ್ಪನ ಮನೆ ಶ್ರೀರಂಗಪಟ್ಟಣದ ಕೋಟೆಯೊಳಗೆ. ಬಾಗಿಲುಗಳಿಗೆ ಬರವಿಲ್ಲ. ನನ್ನ ಬಟ್ಟೆ ಚೀಲದಲ್ಲಿ ಸೆಟ್ಟಿನ ಜೊತೆಗೆ ಸೀಮೆಸುಣ್ಣ, ಸೀಸದ ಕಡ್ಡಿ, ಬೆಂಕಿಪೊಟ್ಟಣ, ಫೆವಿಕಾಲ್ ಡಬ್ಬಿ, ಮೇಣದಬತ್ತಿಯ ತುಂಡು ಮತ್ತೊಂದು ಅರ ಇರುತ್ತವೆ.

ಮೊದಲು ಕಲಿತದ್ದು, ಬಾಗಿಲಿಗೂ ತಾಲ್ಲೂಕು ಇದೆ ಎಂಬುದನ್ನು. ಮರ ಹಲಗೆಯಾಗಿ, ಕದವಾಗಿ, ಬಣ್ಣ ಬಳಿಸಿಕೊಂಡ ಮೇಲೂ ಗಾಳಿಯಲ್ಲಿರುವ ತೇವವನ್ನು ಕುಡಿಯುವುದು ಬಿಡುವುದಿಲ್ಲ. ಕುಡಿದರೆ ಉದ್ದಕ್ಕೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. ಈ ವಿಷಯದಲ್ಲಿ ಅದು ನಲವತ್ತು ದಾಟಿದ ಗಂಡಸಿನ ಹಾಗೆ. ನಮ್ಮದು ನಾಲೆಯ ಸೀಮೆ. ವಿಶ್ವೇಶ್ವರಯ್ಯ ನಾಲೆಯ ನೀರು, ಗದ್ದೆ, ಕಬ್ಬು, ಆಷಾಢದ ತಂಡಿಗಾಳಿ ಎಲ್ಲ ಸೇರಿ ಜುಲೈ ಬಂತೆಂದರೆ ಪಾಂಡವಪುರದ ಬಚ್ಚಲ ಬಾಗಿಲುಗಳು ಚೌಕಟ್ಟನ್ನು ಕಚ್ಚಿ ಹಿಡಿಯುತ್ತವೆ. ಕನ್ನಂಬಾಡಿಯಲ್ಲಿ ನೀರು ಎಷ್ಟಿದೆ ಎಂದು ತಿಳಿಯಲು ನಮ್ಮ ಬೀದಿಯವರು ಪೇಪರು ನೋಡುತ್ತಾರೆ, ನಾನು ಬಚ್ಚಲಿಗೆ ಹೋಗುತ್ತೇನೆ. ಕದ ಒಂದೇ ಏಟಿಗೆ ಹಾಕಿಕೊಂಡರೆ ಕಟ್ಟೆ ಇನ್ನೂ ಎಂಬತ್ತು-ತೊಂಬತ್ತು ಅಡಿಯಲ್ಲಿದೆ ಎಂದರ್ಥ. ಭುಜ ಕೊಟ್ಟು ನೂಕಬೇಕಾಯಿತೇ, ನೂರಹತ್ತು ದಾಟಿದೆ. ಒಳಗೆ ಹೋದವರು ಹೊರಗೆ ಬರಲಾಗದೆ ಕೂಗಿಕೊಂಡರೆ 124.80 ತುಂಬಿತು, ಇನ್ನು ಬಾಗಿನಕ್ಕೆ ಮುಖ್ಯಮಂತ್ರಿಗಳು ಬರುವುದೊಂದು ಬಾಕಿ.

ನಾಗಮಂಗಲದ ಕಡೆ ಇದಕ್ಕೆ ತಿರುಗಾಮುರುಗ. ಅದು ಕೆರೆ-ಬಾವಿ ನಂಬಿದ ಒಣಸೀಮೆ. ಬೇಸಿಗೆಯಲ್ಲಿ ಅಲ್ಲಿಯ ಹಲಗೆಗಳು ಸೊರಗಿ ಒಂದರಿಂದ ಒಂದು ದೂರ ಸರಿಯುತ್ತವೆ. ಮಾವನವರು ಬಾಗಿಲು ಹಾಕಿಕೊಂಡೇ ಬೀದಿಯಲ್ಲಿ ಯಾರು ಹೋದರು, ಯಾವ ಅಂಗಿ ತೊಟ್ಟಿದ್ದರು ಎಂದು ಹೇಳುತ್ತಿದ್ದರು. ಆ ಸಂದನ್ನು ಮುಚ್ಚಿಕೊಡುತ್ತೇನೆಂದಾಗ ಅವರು ಒಪ್ಪದೇ ಹೋದದ್ದಕ್ಕೆ ಕಾರಣ ಆಗ ನನಗೆ ಹೊಳೆಯಲಿಲ್ಲ.

ಈ ಭೇದ ತಿಳಿಯುವ ಮೊದಲು ನಾನು ಒಂದು ಬಾಗಿಲನ್ನು ಕೊಂದಿದ್ದೇನೆ. ಕೆ.ಆರ್. ಪೇಟೆಯಲ್ಲಿ ತಂಗಿಯ ಮನೆಯ ಹಿತ್ತಿಲ ಬಾಗಿಲು ಭೀಮನ ಅಮಾವಾಸ್ಯೆಯ ಹೊತ್ತಿಗೆ ಹಿಡಿಯುತ್ತಿತ್ತು. ಹೊಸ್ತಿಲ ಮೇಲೆ ಭಂಡಾರ ಒಡೆಯಲೆಂದು ಹೋದ ಅಣ್ಣ ನಾನು, ಮೊಣಕೈಯಿಂದ ಕಡುಬು ಒಡೆದು, ಒಳಗಿದ್ದ ಕಾಸು ಎಣಿಸಿ, ಆ ಉತ್ಸಾಹದಲ್ಲೇ ಕೀಸುಳಿ ತರಿಸಿ ಕದದ ಅಂಚನ್ನು ಹೊರೆದೆ. ಕದ ಸಲೀಸಾಗಿ ಕೂತಿತು. ತಂಗಿ ಹೋಳಿಗೆ ಬಡಿಸಿದಳು. ಸಂಕ್ರಾಂತಿಗೆ ಎಳ್ಳು ಬೀರಲು ಹೋದರೆ ಮರ ಒಣಗಿ ತನ್ನ ಮೊದಲಿನ ಅಳತೆಗೆ ಇಳಿದಿತ್ತು. ಕದಕ್ಕೂ ಚೌಕಟ್ಟಿಗೂ ನಡುವೆ ಹಲ್ಲಿ, ಗಾಳಿ, ಪಕ್ಕದ ಮನೆಯ ಜಗಳ ಎಲ್ಲವೂ ಧಾರಾಳವಾಗಿ ಓಡಾಡುತ್ತಿದ್ದವು. ಮಳೆಗಾಲದಲ್ಲಿ ಬಿಗಿ ಹಿಡಿದ ಬಾಗಿಲನ್ನು ಮಳೆಗಾಲದಲ್ಲಿ ಹೊರೆಯಬಾರದು. ಅಂಚಿಗೆ ಮೇಣದಬತ್ತಿ ಉಜ್ಜಿ ಹೇಗೋ ನೂಕಿಕೊಂಡು ಹೋಗಿ, ಅದು ಒಣಗಿದ ಮೇಲೂ ಹಿಡಿದರೆ ಮಾತ್ರ ಕೀಸುಳಿ. ಹೊರೆದ ಮೇಲೆ ಆ ಹಸಿ ಅಂಚಿಗೆ ಬಣ್ಣ ಕಾಣಿಸಬೇಕು. ಬಣ್ಣ ಬಳಿಯುವವರು ಕದದ ಎರಡೂ ಮುಖಕ್ಕೆ ಮೂರು ಕೋಟು ಹೊಡೆದು ತಲೆಗೂ ಪಾದಕ್ಕೂ ಒಂದು ಹನಿಯೂ ಹಾಕದೆ ಎದ್ದು ಹೋಗುತ್ತಾರೆ. ಮರ ನೀರು ಕುಡಿಯುವುದು ಹೆಚ್ಚಾಗಿ ಆ ಬಾಯಿಗಳಿಂದಲೇ. ನಂಬಿಕೆ ಇಲ್ಲದಿದ್ದರೆ ನಿಮ್ಮ ಬಚ್ಚಲ ಬಾಗಿಲ ಅಡಿಗೆ ಮೊಬೈಲು ತೂರಿಸಿ ಒಂದು ಫೋಟೋ ತೆಗೆದು ನೋಡಿ.

ಇನ್ನು ಹೊಸ್ತಿಲು. ದಿನಾ ಬೆಳಗ್ಗೆ ಅದನ್ನು ತೊಳೆದು, ಅರಿಶಿನ ಬಳಿದು, ಕುಂಕುಮ ಇಟ್ಟು, ರಂಗೋಲಿ ಎಳೆಯುತ್ತೇವೆ. ಲಕ್ಷ್ಮಿಗೆ ಹಾಕಿದ ನೀರಿನಲ್ಲಿ ಅರ್ಧ ದಾರಂದದ ಬುಡಕ್ಕೆ ಇಳಿಯುತ್ತದೆ. ಹತ್ತಿಪ್ಪತ್ತು ವರ್ಷ ಪೂಜೆ ಮಾಡಿಸಿಕೊಂಡ ದಾರಂದವನ್ನು ಬೆರಳಿನಿಂದ ತಟ್ಟಿದರೆ ತಲೆಯ ಹತ್ತಿರ ಟಕ್ ಎನ್ನುತ್ತದೆ, ಕಾಲಿನ ಹತ್ತಿರ ಡಬ್ ಎನ್ನುತ್ತದೆ. ಡಬ್ ಎಂದರೆ ಒಳಗೆ ಲಡ್ಡಾಗಿದೆ, ಇಲ್ಲವೇ ಗೆದ್ದಲು ಸಂಸಾರ ಹೂಡಿದೆ. ಇದನ್ನು ನಾನು ಯಾವ ಮನೆಯಲ್ಲೂ ಗಟ್ಟಿಯಾಗಿ ಹೇಳುವುದಿಲ್ಲ. "ನೀರು ಕಡಿಮೆ ಹಾಕಿ" ಎಂದು ಮನೆಯ ಹಿರಿಯ ಹೆಂಗಸಿಗೆ ಹೇಳಿ ಊಟ ಮಾಡಿ ಬಂದವರನ್ನು ನಾನು ಕಂಡಿಲ್ಲ. ಹಿಂದಿನವರು ಕಲ್ಲಿನ ಹೊಸ್ತಿಲು ಹಾಕುತ್ತಿದ್ದುದು ಸುಮ್ಮನೆ ಅಲ್ಲ.

ಬಾಗಿಲು ಎಲ್ಲಿ ಹಿಡಿಯುತ್ತದೆ ಎಂದು ಕಂಡುಹಿಡಿಯುವುದು ಕಷ್ಟವಲ್ಲ. ಅಂಚಿಗೆ ಸೀಮೆಸುಣ್ಣ ಬಳಿದು ಒಂದು ಸಲ ಹಾಕಿ ತೆಗೆದರೆ ಚೌಕಟ್ಟಿನ ಮೇಲೆ ಬಿಳಿ ಗುರುತು ಬೀಳುತ್ತದೆ. ಬೋಲ್ಟು ತೂತಿಗೆ ಕೂರದಿದ್ದರೆ ಅದರ ಮೂತಿಗೆ ಕಾಡಿಗೆ ಹಚ್ಚಿ ನೂಕಿ ನೋಡಬೇಕು. ಒಂದು ಮನೆಯಲ್ಲಿ ನಾನು ಸೀಮೆಸುಣ್ಣ ಹಿಡಿದು ಬಾಗಿಲ ಮುಂದೆ ನಿಂತ ಕೂಡಲೇ ಆ ಮನೆಯ ಅಜ್ಜಿ, "ನಾಳೆ ಬಾ ಬರೀತೀಯೇನಪ್ಪ?" ಎಂದರು. ತೊಂಬತ್ತರ ದಶಕದಲ್ಲಿ ರಾತ್ರಿ ಹೊತ್ತು ಒಂದು ದೆವ್ವ ಮನೆಮನೆಗೂ ಬಂದು, ಗೊತ್ತಿದ್ದವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ ಎಂದು ಸುದ್ದಿ ಹಬ್ಬಿ, ಊರೂರಿನ ಕದಗಳ ಮೇಲೆ 'ನಾಳೆ ಬಾ' ಎಂದು ಬರೆದಿದ್ದರಲ್ಲ, ಅದು. ಅಕ್ಷರ ಬಲ್ಲ, ಹೇಳಿದ ಮಾತು ಕೇಳುವ ದೆವ್ವ. ಅದು ಓದಿಕೊಂಡು ಹಿಂದಿರುಗಿ, ಮಾರನೆಯ ದಿನ ಬಂದು ಮತ್ತೆ ಓದಿಕೊಂಡು ಹೋಗುತ್ತಿತ್ತು. ಅದೇ ಮಾತನ್ನು ನಾನು ಎಷ್ಟೋ ಆಚಾರಿಗಳ ಬಾಯಲ್ಲಿ ಕೇಳಿದ್ದೇನೆ, ನಾಳೆ ಬತ್ತೀನಿ ಅಂತ.

ಗುರುತು ಬಿದ್ದ ಜಾಗಕ್ಕೆ ಕೈ ಹಾಕಬಾರದು. ಇದನ್ನು ಕಲಿಯಲು ನನಗೆ ನಾಲ್ಕೈದು ಬಾಗಿಲುಗಳೇ ಬೇಕಾದವು. ಕದ ಕೆಳಗಡೆ, ಚಿಲಕದ ಬದಿಯ ಮೂಲೆಯಲ್ಲಿ ನೆಲ ಕೆರೆಯುತ್ತಿದೆ ಎಂದರೆ ತಪ್ಪು ಆ ಮೂಲೆಯದಲ್ಲ. ಅದಕ್ಕೆ ತೀರಾ ಎದುರಿನ, ಮೇಲುಗಡೆಯ ಕೀಲಿನದು. ಕದದ ಭಾರವೆಲ್ಲ ಆ ಕೀಲನ್ನು ಗೋಡೆಯಿಂದ ಆಚೆಗೆ ಜಗ್ಗುತ್ತಿರುತ್ತದೆ. ಮಕ್ಕಳು ಚಿಲಕ ಹಿಡಿದು ಜೋತಾಡಿದರೆ ಕೇಳುವುದೇ ಬೇಡ. ಸ್ಕ್ರೂಗಳು ಸಡಿಲವಾಗಿ, ತೂತುಗಳು ದೊಡ್ಡದಾಗಿ, ಕದ ಮುಗ್ಗರಿಸಿ ಕೆಳಮೂಲೆಯಲ್ಲಿ ನೆಲಕ್ಕೆ ಮೂಗು ಉಜ್ಜುತ್ತದೆ. ಸ್ಕ್ರೂ ಬಿಚ್ಚಿ, ಬೆಂಕಿಕಡ್ಡಿಯ ಮದ್ದು ಕೆರೆದು ಹಾಕಿ, ಕಡ್ಡಿಗಳನ್ನು ಫೆವಿಕಾಲಿನಲ್ಲಿ ಅದ್ದಿ ತೂತಿಗೆ ತುರುಕಿ, ರಾತ್ರಿ ಒಣಗಲು ಬಿಟ್ಟು, ಬೆಳಗ್ಗೆ ಅದೇ ಸ್ಕ್ರೂ ಬಿಗಿದರೆ ಎಷ್ಟೋ ಬಾಗಿಲುಗಳು ತಲೆ ಎತ್ತಿ ನಿಲ್ಲುತ್ತವೆ. ಒಂದು ರೂಪಾಯಿಯ ಚಿಕಿತ್ಸೆ. ಅಷ್ಟು ಅಗ್ಗವೆಂದೇ ಯಾರಿಗೂ ನಂಬಿಕೆ ಬರುವುದಿಲ್ಲ. ತಂಗಿಯ ಗಂಡ ಒಮ್ಮೆ, "ಅದಿರ್ಲಿ, ಹೊಸ ಬಾಗಿಲಿಗೆ ಎಷ್ಟಾಗಬೋದು?" ಎಂದು ಕೇಳಿದರು.

ಮಾವನ ಮನೆಯ ಬಾಗಿಲಿಗೆ ಕೀಲೇ ಇಲ್ಲ. ಅದು ಜೋಡಿ ಕದದ ಹಳೆಯ ಬಾಗಿಲು. ಕದದ ಒಂದು ಅಂಚೇ ಮೇಲೂ ಕೆಳಗೂ ಗೂಟವಾಗಿ ಚಾಚಿಕೊಂಡು, ಕೆಳಗಿನದು ಕಲ್ಲಿನ ಕುಳಿಯಲ್ಲಿ, ಮೇಲಿನದು ದಾರಂದದ ತೂತಿನಲ್ಲಿ ಕೂತಿದೆ. ಇದಕ್ಕೆ ತಿರುಗುಣಿ ಎನ್ನುತ್ತಾರೆ. ಸ್ಕ್ರೂ ಇಲ್ಲವಾದ್ದರಿಂದ ಸಡಿಲವಾಗುವ ಪ್ರಶ್ನೆ ಇಲ್ಲ, ಸವೆಯುತ್ತದೆ, ಅಷ್ಟೆ. ಸವೆದು ಒಂದು ಕದ ತಗ್ಗಿತ್ತು. ನಾವು ಮೂವರು ಸೇರಿ ಅದನ್ನು ಎತ್ತಿ ಕುಳಿ ಶುಚಿಮಾಡಿದರೆ, ಹರಳೆಣ್ಣೆಯ ಜಿಡ್ಡಿನ ಕೆಳಗೆ ಒಂದು ತೂತು ಕಾಸು ಸಿಕ್ಕಿತು. ಎರಡನೇ ಮಹಾಯುದ್ಧದ ಕಾಲಕ್ಕೆ ತಾಮ್ರ ಉಳಿಸಲೆಂದು ನಡುವೆ ತೂತು ಬಿಟ್ಟು ಟಂಕಿಸಿದ ಕಾಸು. ಹಿಂದೆ ಇನ್ನಾರೋ ಇದೇ ಕಾಯಿಲೆಗೆ ಇದೇ ಮದ್ದು ಮಾಡಿ, ಸರ್ಕಾರದ ಕಾಸನ್ನು ವಾಷರು ಮಾಡಿಕೊಂಡಿದ್ದರು. ಹಿತ್ತಾಳೆ ವಿಗ್ರಹ ಎರೆಯುವುದಕ್ಕೆ ಹೆಸರಾದ ಊರಿನ ಸೀಮೆ ಅದು, ಲೋಹದ ಚೂರೊಂದು ಸಿಕ್ಕುವುದು ಕಷ್ಟವಲ್ಲ. ಹಿತ್ತಾಳೆಯ ಬಿಲ್ಲೆಯೊಂದನ್ನು ಕಾಸಿನ ಮೇಲೆ ಇಟ್ಟು ಕದ ಇಳಿಸಿದೆವು. ಎಣ್ಣೆ ಬಿಡಲು ಹೋದರೆ ಅತ್ತೆ ತಡೆದರು. ಆ ಕದದ ಕಿರ್ರೋ ಸದ್ದು ಅವರಿಗೆ ಬೇಕು. ರಾತ್ರಿ ಎಷ್ಟು ಹೊತ್ತಿಗೆ ಯಾವ ಮಗ ಬಂದ ಎಂದು ಅವರು ಹಾಸಿಗೆಯಿಂದ ಏಳದೆ ಲೆಕ್ಕ ಇಟ್ಟಿದ್ದರು. ಒಬ್ಬೊಬ್ಬನ ಕೈಗೂ ಅದು ಒಂದೊಂದು ರಾಗದಲ್ಲಿ ಕಿರುಗುಟ್ಟುತ್ತಿತ್ತಂತೆ.

ಬೀಗಗಳ ಕತೆ ಬೇರೆ. ನಮ್ಮ ಕಡೆ ಬೀಗ ತಿರುಗದಿದ್ದರೆ ಕೊಬ್ಬರಿ ಎಣ್ಣೆ. ತಲೆಗೂ ಅದೇ, ಬೀಗಕ್ಕೂ ಅದೇ. ಧನುರ್ಮಾಸದ ಚಳಿಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಬೀಗದೊಳಗೆ ಮಾತ್ರ ತೆಳ್ಳಗಿರಬೇಕೆಂದರೆ ಹೇಗೆ? ಚಿಕ್ಕಪ್ಪ ವೈಕುಂಠ ಏಕಾದಶಿಯ ಬೆಳಗಿನ ಜಾವ ರಂಗನಾಥನ ಗುಡಿಗೆ ಹೊರಡಲು ಸ್ನಾನ ಮಾಡಿ ಮಡಿಯುಟ್ಟು ನಿಂತರೆ ಗೇಟಿನ ಬೀಗ ಅಲುಗಲಿಲ್ಲ. ಅಲ್ಲಿ ವೈಕುಂಠದ ಬಾಗಿಲು ತೆರೆದಿದೆ, ಇಲ್ಲಿ ಗೇಟು ತೆರೆಯದು. ಬೀಗದಕೈಯನ್ನು ಮೇಣದಬತ್ತಿಯಲ್ಲಿ ಕಾಯಿಸಿ ತೂರಿಸುವಷ್ಟರಲ್ಲಿ ಸಾಲು ಕೋಟೆ ಸುತ್ತಿತ್ತು. ಎಣ್ಣೆಗೆ ದೂಳು ಅಂಟಿ ಒಳಗೆಲ್ಲ ಗಸಿ ಕಟ್ಟುತ್ತದೆ. ಸೀಸದ ಕಡ್ಡಿಯ ಮೊನೆಯನ್ನು ಬೀಗದಕೈಯ ಹಲ್ಲುಗಳ ಮೇಲೆ ಕಪ್ಪಗೆ ತೀಡಿ ನಾಲ್ಕು ಸಲ ತಿರುಗಿಸಿದರೆ ಸಾಕು. ಪೆನ್ಸಿಲಿನಲ್ಲಿರುವುದು ಸೀಸವಲ್ಲ, ಗ್ರಾಫೈಟು. ಅದು ಜಾರುತ್ತದೆ, ಅಂಟುವುದಿಲ್ಲ. ಅಲಿಗಢದ ಬೀಗವಾಗಲಿ, ದಿಂಡಿಗಲ್ಲಿನದಾಗಲಿ, 1897ರಿಂದ ಬೀಗ ಮಾಡುತ್ತಿರುವ ಗೋದ್ರೇಜಿನದಾಗಲಿ, ಪೆನ್ಸಿಲಿಗೆ ಭೇದವಿಲ್ಲ.

ಚಿಕ್ಕಪ್ಪನ ಮನೆಗೆ ಹೋದಾಗ ಸಂಜೆ ಕೋಟೆಯ ನೀರುಬಾಗಿಲ ಕಡೆ ನಡೆದಾಡುವುದು ನನ್ನ ರೂಢಿ. ಅಲ್ಲಿಗೆ ಬರುವವರು 1799ರ ಮೇ 4ರ ಮಧ್ಯಾಹ್ನವನ್ನು ನೆನೆಯುತ್ತಾರೆ. ಟಿಪ್ಪು ಹೊರಗೆ ಕಾದುತ್ತಿದ್ದಾಗ ಮೀರ್ ಸಾದಿಕ್ ಹಿಂದಿನಿಂದ ಬಾಗಿಲು ಹಾಕಿಸಿದನೆಂದು ಜನ ಹೇಳುವ ಕತೆಯನ್ನು ಗೈಡುಗಳು ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ. ಎಲ್ಲರೂ ಕೈಚೀಲ ಹಿಡಿದು ನಿಟ್ಟುಸಿರು ಬಿಡುವಾಗ ನಾನು ಕಮಾನಿನ ಬದಿಗಳನ್ನು ಸವರುತ್ತ ತಿರುಗುಣಿ ಎಲ್ಲಿದ್ದಿರಬಹುದೆಂದು ಹುಡುಕುತ್ತೇನೆ. ಮೇ ತಿಂಗಳು, ಒಣ ಕಾಲ. ಮರ ಸೊರಗಿರುತ್ತದೆ, ಸಲೀಸಾಗಿ ಹಾಕಿಕೊಂಡಿರಬೇಕು. ಅದೇ ಯುದ್ಧ ಆಷಾಢದಲ್ಲಿ ನಡೆದು, ಕದ ನಮ್ಮ ಬಚ್ಚಲ ಬಾಗಿಲಿನಂತೆ ಅರ್ಧಕ್ಕೆ ಹಿಡಿದು ನಿಂತಿದ್ದರೆ? ಚಿಕ್ಕಪ್ಪನ ಬಳಿ ಇದನ್ನು ಹೇಳಿದೆ. "ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ, ನೀನು ಇನ್ನೂರು ವರ್ಷ ಆದ್ಮೇಲೆ ರಿಪೇರಿಗೆ ಬಂದಿದ್ದೀಯ" ಎಂದರು.

ನನಗೆ ಅಸೂಯೆ ಹುಟ್ಟಿಸಿದ ಬಾಗಿಲು ಒಂದೇ, ಮೇಲುಕೋಟೆಯ ರಾಯಗೋಪುರ. ಆಳೆತ್ತರವಲ್ಲ, ಮರದೆತ್ತರದ ಕಲ್ಲುಕಂಬಗಳು ನಿಂತಿವೆ, ಮೇಲೆ ಗೋಪುರ ಏಳಲೇ ಇಲ್ಲ, ಕದದ ಮಾತೇ ಇಲ್ಲ. ಹಿಡಿಯುವಂತಿಲ್ಲ, ಕೆರೆಯುವಂತಿಲ್ಲ, ಕಿರುಗುಟ್ಟುವಂತಿಲ್ಲ.

ಕೆ.ಆರ್. ಪೇಟೆಯ ವಿಷಯ ಇನ್ನೂ ಸ್ವಲ್ಪ ಇದೆ. ಹಿತ್ತಿಲ ಬಾಗಿಲಿಗೆ ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಹೋದ ವರ್ಷ ತಂಗಿಯ ಮನೆಯ ಮುಂಬಾಗಿಲನ್ನು ಎರಡು ದಿನ ಕೂತು ಸರಿಮಾಡಿದೆ. ಮೇಲುಕೀಲಿಗೆ ಬೆಂಕಿಕಡ್ಡಿ, ಉದ್ದನೆಯ ಸ್ಕ್ರೂ, ಬೋಲ್ಟಿನ ತೂತಿಗೆ ಅರ, ಅಂಚಿಗೆ ಬಣ್ಣ. ಬೆರಳು ತಾಗಿಸಿದರೆ ತೆರೆಯುವಂತಾಯಿತು. ಸಂಜೆ ಭಾವನವರು ಹೊಲದಿಂದ ಬಂದರು. ಇಪ್ಪತ್ತೆರಡು ವರ್ಷದಿಂದ ಭುಜ ಕೊಟ್ಟು ನೂಕಿ ಅಭ್ಯಾಸವಾದ ಮನುಷ್ಯ. ಎಂದಿನಂತೆ ಎರಡು ಹೆಜ್ಜೆ ಹಿಂದೆ ಸರಿದು ನುಗ್ಗಿದರು. ಬಾಗಿಲು ತಡೆಯಲಿಲ್ಲ. ಹಾಲು ದಾಟಿ, ನನ್ನನ್ನೂ ದಾಟಿ, ಊಟದ ಮೇಜಿನ ಹತ್ತಿರ ನಿಂತರು. ಆಮೇಲೆ ಒಂದು ವಾರ ಆ ಮನೆಯಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಹಾಗೇ ಒಳಗೆ ಬಂದರಂತೆ. ಫೋನಿನಲ್ಲಿ ತಂಗಿ, "ಅಣ್ಣ, ಒಂಚೂರು ಸಡಿಲ ಮಾಡಕ್ಕಾಗಲ್ವಾ?" ಎಂದಳು.

ಮೊನ್ನೆ ಭಾನುವಾರ ನಮ್ಮ ಬಾಗಿಲಿಗೂ ಒಂದು ಗತಿ ಕಾಣಿಸೋಣವೆಂದು ಚೀಲ ತೆಗೆದೆ. ಯಾವ ಕೀಲು, ಎಷ್ಟು ಕಡ್ಡಿ ಎಂಬುದೆಲ್ಲ ನನಗೆ ಹನ್ನೆರಡು ವರ್ಷದಿಂದ ಬಾಯಿಪಾಠ. ಸ್ಟೂಲು ಹತ್ತಿ ಮೊದಲ ಸ್ಕ್ರೂಗೆ ಕೈ ಹಾಕುವಷ್ಟರಲ್ಲಿ ಗಂಟೆ ಬಡಿಯಿತು. ಕದದ ಆಚೆ ಬೀಗರ ದನಿ. ಅಡುಗೆಮನೆಯಿಂದ ಕೂಗು ಬರುವ ಮೊದಲೇ ಚಿಲಕ ಅರ್ಧ ಬೆರಳು ಮೇಲೆದ್ದಿತು. ನಾನು ಸ್ಟೂಲಿನಿಂದ ಇಳಿದು ಪಕ್ಕಕ್ಕೆ ಸರಿದೆ.