ಅಳಿಯನ ಏಸಿಗೆ ಎಷ್ಟು ಬಿಸಿಲು?

ದಾಂಡೇಲಿಯ ಬಂಗೂರನಗರದಲ್ಲಿ ಕೂತು ಕರೆಂಟಿನ ಚಿಂತೆ ಮಾಡಿದರೆ ಯಾರಾದರೂ ನಕ್ಕಾರು. ಮೇಲೆ ಸೂಪಾ ಅಣೆಕಟ್ಟು, ಅಂಬಿಕಾನಗರದ ಬಳಿ ನಾಗಝರಿ ವಿದ್ಯುದಾಗಾರ, ಕೆಳಗೆ ಕೊಡಸಳ್ಳಿ, ಕದ್ರಾ. ಕಾಳಿ ನದಿ ಕಾರವಾರದ ಸಮುದ್ರ ಮುಟ್ಟುವುದರೊಳಗೆ ಇಷ್ಟು ಕಡೆ ಡ್ಯೂಟಿ ಮುಗಿಸಿರುತ್ತದೆ. ಆದರೂ ಮಳೆಗಾಲದ ಗಾಳಿಗೆ ಒಂದು ಟೊಂಗೆ ತಂತಿಯ ಮೇಲೆ ಬಿತ್ತೆಂದರೆ, ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನಮಗಾಗಿಯೇ ಹುಟ್ಟಿದಂತಿರುತ್ತದೆ.

ಸೋಲಾರ್ ಹಾಕಿಸೋಣವೆಂದು ಹುಬ್ಬಳ್ಳಿಯಿಂದ ಒಬ್ಬ ಹುಡುಗನನ್ನು ಕರೆಸಿದೆ. ಬಿಲ್ಲು ನೋಡಿದ, ತಾರಸಿ ಅಳೆದ. ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ಜಾಗ, ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು ಎಂದ. ಅಲ್ಲಿಗೆ ಬಿಡಬಹುದಿತ್ತು. "ಸರ್, ಮುಂದಿನ ಲೋಡ್ ಎಷ್ಟು?" ಅಂದ.

ಮನೆಯಲ್ಲಿ ಅಧಿವೇಶನ ಶುರುವಾಯಿತು. ಮಗಳಿಗೆ ಎಲೆಕ್ಟ್ರಿಕ್ ಸ್ಕೂಟರ್. ಅವ್ವನಿಗೆ ಗೀಸರ್, ಅದೂ ಮಳೆಗಾಲಕ್ಕೆ. ಅಂದರೆ ಸೂರ್ಯ ರಜೆ ಹಾಕಿದಾಗಲೇ. ಹೆಂಡತಿಯದು ಮಾತ್ರ ದೂರದೃಷ್ಟಿ.

"ಅಳಿಯಾ ಬಂದ್ರ ಮ್ಯಾಲಿನ ಖೋಲಿಗೆ ಏಸಿ ಬೇಕಲ್ಲರೀ?"

"ಅಳಿಯಾ ಎಲ್ಲಿದ್ದಾನ? ಹುಡುಗಿ ಇನ್ನೂ ಕಾಲೇಜಿನ್ಯಾಗ ಅದಾಳ!"

"ಪ್ಯಾನೆಲ್ 25 ವರ್ಷ ಇರ್ತಾವಂತ. ಅಷ್ಟರಾಗೂ ಬರಂಗಿಲ್ಲೇನು?"

ಪ್ಯಾನೆಲ್ಲಿಗೆ 25 ವರ್ಷದ ವಾರಂಟಿ ಇರುವುದು ನಿಜ. ನನಗೆ ಅಂಥದ್ದನ್ನು ಯಾರೂ ಕೊಟ್ಟಿಲ್ಲವಾದ್ದರಿಂದ ಸುಮ್ಮನಾದೆ.

ನಮ್ಮ ಭವಿಷ್ಯಕ್ಕೆ ಸರ್ಕಾರವೂ ಗಡಿ ಹಾಕಿಟ್ಟಿದೆ. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಬಂದಾಗ ಹಿಂದಿನ ಬಳಕೆಯ ಸರಾಸರಿಯ ಮೇಲೆ ಶೇ. 10 ಹೆಚ್ಚಿಗೆ ಕೊಟ್ಟಿತು. ಅಳಿಯ ಅದರೊಳಗೆ ಹಿಡಿಯುವುದಿಲ್ಲ. 2024ರ ಸೂರ್ಯಘರ್ ಯೋಜನೆಯ ಸಬ್ಸಿಡಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ. ಅದರಾಚೆ ಎಷ್ಟು ಹಾಕಿದರೂ ಅಷ್ಟೇ. ಅಳಿಯ ನಾಲ್ಕನೆಯ ಕಿಲೋವ್ಯಾಟ್. ಅವನ ಖರ್ಚು ಪೂರಾ ಮಾವನದು.

ಹುಡುಗ ಇನ್ನೊಂದು ಬಾಂಬು ಹಾಕಿದ. ಬರೀ ಆನ್‌ಗ್ರಿಡ್ ಹಾಕಿಸಿದರೆ ಲೈನಿನಲ್ಲಿ ಕರೆಂಟು ಹೋದಾಗ ಸೋಲಾರ್ ಕೂಡ ಬಂದ್. ಕಂಬದ ಮೇಲೆ ರಿಪೇರಿ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟು ಹೊಡೆಯಬಾರದಲ್ಲ! ಕತ್ತಲಲ್ಲೂ ಬೆಳಕು ಬೇಕೆಂದರೆ ಹೈಬ್ರಿಡ್ ಇನ್ವರ್ಟರ್, ಜೊತೆಗೆ ಬ್ಯಾಟರಿ. ಅವನ ಸಲಹೆ ನನಗೆ ಹಿಡಿಸಿತು: ಇನ್ವರ್ಟರ್ ಈಗಲೇ 5 ಕಿಲೋವ್ಯಾಟ್‌ನದು ಇರಲಿ, ಪ್ಯಾನೆಲ್ ಮೂರಕ್ಕೆ ಸಾಕು, ಉಳಿದದ್ದಕ್ಕೆ ಸ್ಟ್ಯಾಂಡಿನಲ್ಲಿ ಜಾಗ, ಗೋಡೆಯಲ್ಲಿ ಖಾಲಿ ಪೈಪು. ಬೇಕಾದಾಗ ಗೋಡೆ ಒಡೆಯದೆ ಸೇರಿಸಬಹುದು. ಇನ್ನೂ ಹುಟ್ಟದ ಲೋಡಿಗೆ ದುಡ್ಡು ಸುರಿಯುವುದಕ್ಕಿಂತ ಅದು ಬರುವ ದಾರಿ ತೆರೆದಿಡುವುದು ಜಾಣತನ.

ಅಷ್ಟರಲ್ಲಿ ಅವನ ಕಣ್ಣು ಪಕ್ಕದ ಹಿತ್ತಲಿನ ಸಾಗವಾನಿ ಗಿಡದ ಮೇಲೆ ಬಿತ್ತು. ಸಾಲಿನ ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೆ ಉಳಿದವೂ ಸೊರಗಬಹುದಂತೆ. ದಾಂಡೇಲಿ ಮಣ್ಣಿನಲ್ಲಿ ಸಾಗವಾನಿ ಬೆಳೆಯುವುದನ್ನು ಯಾರಿಗೆ ಹೇಳಬೇಕು? ನೆರೆಯವರನ್ನು ಕೇಳಿದೆ.

"ಅದನ್ನ ಮೊಮ್ಮಗಳ ಮದುವಿಗಂತ ಬೆಳೆಸೀನ್ರಿ," ಅಂದರು.

ಅವರ ಮೊಮ್ಮಗಳಿಗೆ ಈಗ ಅಂಗನವಾಡಿ. ಅವರ ಅಳಿಯನೂ ನಮ್ಮ ಅಳಿಯನೂ ಆ ಒಂದೇ ಬಿಸಿಲಿಗೆ ಪೈಪೋಟಿ ನಡೆಸಿದ್ದಾರೆ. ಸದ್ಯಕ್ಕೆ ಸ್ಟ್ಯಾಂಡನ್ನು ತಾರಸಿಯ ಆ ಬದಿಗೆ ಸರಿಸಿದ್ದೇವೆ. ಹೆಂಡತಿ ಅಲ್ಲಿ ಹಪ್ಪಳ ಒಣಗಿಸುತ್ತಿದ್ದಳು.