ಎಂಜಿನ್ನಿಲ್ಲದ ಟ್ರೇಲರ್ ವಾಹನ, ನನ್ನ ಬೈಕ್ ಏನು ಸ್ವಾಮಿ?

ಮೋಟಾರು ವಾಹನಗಳ ಕಾಯ್ದೆ, 1988ರ 2ನೇ ಕಲಮಿನ 28ನೇ ಉಪಕಲಮಿನವರ ಸನ್ನಿಧಾನಕ್ಕೆ ಸಕಲೇಶಪುರ ತಾಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ, ಶೆಡ್ಡಿನಲ್ಲಿರುವ ಡರ್ಟ್ ಬೈಕ್ ಒಂದನ್ನು ಬಿಟ್ಟು.

ಆರ್‌ಟಿಒ ಸಾಹೇಬರಿಗೆ ಬರೆಯದೆ ನೇರವಾಗಿ ತಮಗೇ ಬರೆಯುತ್ತಿದ್ದೇನೆ. ಬೈಕ್ ನೋಂದಣಿಯ ಕೌಂಟರಿನಲ್ಲಿ ಕೂತವರದೇನೂ ತಪ್ಪಿಲ್ಲ, ಏನು ಕೇಳಿದರೂ ತಮ್ಮ ಕಡೆಗೇ ಕೈ ತೋರಿಸಿದರು. ಯಾವುದು ಮೋಟಾರು ವಾಹನ, ಯಾವುದು ಅಲ್ಲ ಎಂದು ತೀರ್ಮಾನಿಸುವವರು ತಾವಂತೆ. ರಸ್ತೆಯ ಮೇಲೆ ಓಡಲು ಹೊಂದುವಂಥದ್ದು ವಾಹನ ಅಂದಿರಿ, ಸರಿ. ಹಳಿಯ ಮೇಲೆ ಓಡುವುದನ್ನು, ಕಾರ್ಖಾನೆ ಅಥವಾ ಕಾಂಪೌಂಡಿನೊಳಗಷ್ಟೇ ಓಡುವುದನ್ನು, ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು 25 ಸಿಸಿ ಮೀರದ್ದನ್ನು ಹೊರಗಿಟ್ಟಿರಿ, ಅದೂ ಸರಿಯೇ. ಆದರೆ ಬಾಡಿ ಕಟ್ಟದ ಬರೀ ಚಾಸಿಯನ್ನೂ ಎಂಜಿನ್ನೇ ಇಲ್ಲದ ಟ್ರೇಲರನ್ನೂ ಒಳಗೆ ಕರೆದು ಮಣೆ ಹಾಕಿ ಕೂರಿಸಿದ್ದೀರಿ. ನನ್ನ ಬೈಕಿನಲ್ಲಿ ಎಂಜಿನ್ ಬಿಟ್ಟರೆ ಹೆಚ್ಚಿಗೆ ಏನೂ ಇಲ್ಲ. ಇಂಡಿಕೇಟರ್ ಇಲ್ಲ, ಕನ್ನಡಿ ಇಲ್ಲ, ಸ್ಪೀಡೋಮೀಟರೂ ಇಲ್ಲ. ಸರ್ವಿಸಿಗೆ ಓಡಿದ ಗಂಟೆ ಲೆಕ್ಕ, ಕಿಲೋಮೀಟರ್ ಅಲ್ಲ. ಇಷ್ಟು ಶುದ್ಧ ಮೋಟಾರನ್ನು ತಾವು ಬಾಗಿಲಲ್ಲೇ ನಿಲ್ಲಿಸಿದಿರಿ.

ದುಡ್ಡು ಎಣಿಸಿಕೊಳ್ಳುವಾಗ ಇದರ ಕುಲಗೋತ್ರದ ಬಗ್ಗೆ ಸರಕಾರಕ್ಕೆ ಯಾವ ಅನುಮಾನವೂ ಇರಲಿಲ್ಲ. ಜಿಎಸ್‌ಟಿಯವರ 8711ನೇ ಶೀರ್ಷಿಕೆಯಡಿ ಇದು ಅಪ್ಪಟ ಮೋಟಾರ್ ಸೈಕಲ್. ನಾನು ಕೊಂಡಾಗ ಶೇ. 28 ಕಟ್ಟಿದ್ದೇನೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗೆ ಶೇ. 18, ಮೀರಿದರೆ ಶೇ. 40 ಆಗಿದೆ. ತೆರಿಗೆಯ ಕೌಂಟರಿನಿಂದ ನೋಂದಣಿಯ ಕೌಂಟರಿಗೆ ಬರುವಷ್ಟರಲ್ಲಿ ಅದೇ ಬೈಕ್ ಏನೂ ಅಲ್ಲದ್ದಾಗುತ್ತದೆ.

ಫಾರಂ 20 ನಾನೇ ತುಂಬಬಲ್ಲೆ. ಫಾರಂ 21 ಮಾರಿದವರು ಕೊಡುತ್ತಾರೆ. ಹೊಗೆ, ಸುರಕ್ಷತೆ ಎಲ್ಲ ನಿಯಮದಂತಿದೆ ಎಂದು ತಯಾರಕರು ಬರೆದುಕೊಡಬೇಕಾದ ಫಾರಂ 22 ಮಾತ್ರ ಈ ಬೈಕಿನ ಹಣೆಯಲ್ಲಿ ಬರೆದಿಲ್ಲ. ಅದು ಹುಟ್ಟಬೇಕಾದರೆ ಕೇಂದ್ರ ನಿಯಮ 126ರಂತೆ ಪುಣೆಯ ಎಆರ್‌ಎಐಯಂಥ ಕಡೆ ಮಾದರಿ ಪರೀಕ್ಷೆ ಆಗಬೇಕು. ಕಂಪನಿಯವರು ಕಳಿಸಿಲ್ಲ. ‘ಟ್ರ್ಯಾಕಿಗೆ ಮಾತ್ರ’ ಎಂದು ಹೇಳಿ ಕೈತೊಳೆದುಕೊಂಡರು. ನಾನೇ ಹೆಡ್‌ಲೈಟ್, ಹಾರ್ನ್, ಕನ್ನಡಿ ಹಾಕಿಸುತ್ತೇನೆ ಸಾರ್ ಅಂದೆ. ನಿಯಮ 123 ಹೇಳುವ ಸೀರೆ ಗಾರ್ಡನ್ನೂ ಹಾಕಿಸುತ್ತೇನೆ ಅಂದೆ. ಹಿಂದೆ ಕೂರಲು ಸೀಟೇ ಇಲ್ಲ, ಆದರೂ ಕಾನೂನಿನ ಮರ್ಯಾದೆಗೆ ಬೇಕಿದ್ದರೆ ಒಂದು ಇಳಕಲ್ ಸೀರೆ ಕಟ್ಟಿಕೊಂಡೇ ಓಡಾಡಲು ತಯಾರಿದ್ದೇನೆ. ಹಾಗೆಲ್ಲ ಬರೋದಿಲ್ಲ ಅಂದರು. ತಿರುಗುಮುರುಗಾದ ದಾರಿಯೂ ಇಲ್ಲ. ನೋಂದಣಿಯಾದ ಬೈಕನ್ನು ಮಣ್ಣಿಗೆಂದು ಬಿಚ್ಚಿ ಬದಲಿಸಿದರೆ ಅಲ್ಲಿ 52ನೇ ಕಲಮಿನವರು ಕಾದು ಕೂತಿರುತ್ತಾರೆ. 2019ರ ತಿದ್ದುಪಡಿಯ ಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ.

ಹಾಗಾದರೆ ತೋಟದೊಳಗೇ ಓಡಿಸಿಕೊಂಡಿರಿ ಅನ್ನುತ್ತೀರಿ. ತಮ್ಮ ಓಣಿಯವರೇ ಆದ 39ನೇ ಕಲಮನ್ನು ಒಂದು ಮಾತು ಕೇಳಿದಿರಾ? ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಾಗಲಿ, ಬೇರೆ ಯಾವುದೇ ಸ್ಥಳದಲ್ಲಾಗಲಿ ಓಡಿಸಕೂಡದು ಎನ್ನುತ್ತಾರೆ ಅವರು. ಬೇರೆ ಯಾವುದೇ ಸ್ಥಳವೆಂದರೆ ನಾನು ಕಾಫಿ ಒಣಗಿಸುವ ಕಣವೂ ಬಂತಲ್ಲ? ವಾಹನವಾದರೆ ಕಣದಲ್ಲೂ ಓಡಿಸುವಂತಿಲ್ಲ, ಅಲ್ಲವಾದರೆ ಗೇಟು ದಾಟುವಂತಿಲ್ಲ. ಬೈಕಿಗೆ ಇದನ್ನು ಹೇಗೆ ತಿಳಿಸಲಿ?

ನನ್ನ ತೋಟ ಎರಡು ತುಂಡು. ನಡುವೆ ಒಂದು ಹಳ್ಳ, ಒಂದಿಷ್ಟು ಗೋಮಾಳ, ಒಂದಿಷ್ಟು ಪಂಚಾಯಿತಿ ರಸ್ತೆ. ಮೇಲಿನ ತುಂಡಿನಿಂದ ಕೆಳಗಿನದಕ್ಕೆ ಹೋಗುವ ಮನುಷ್ಯ ಅಷ್ಟರಲ್ಲೇ ಮೂರು ಕಾನೂನು ದಾಟುತ್ತಾನೆ. ಈ ವಿಷಯದಲ್ಲಿ ತಾವು ಕಂದಾಯ ಇಲಾಖೆಯವರ ಕಾಲ ಬಳಿ ಕೂತು ಕಲಿಯಬೇಕು. ತರಿ, ಖುಷ್ಕಿ, ಬಾಗಾಯ್ತು, ಗೋಮಾಳ, ಎ ಖರಾಬು, ಬಿ ಖರಾಬು. ಶಿವಮೊಗ್ಗದ ಕಡೆ ಕಾನು, ಸೊಪ್ಪಿನಬೆಟ್ಟ. ಕೊಡಗಿಗೆ ಹೋದರೆ ಬಾಣೆ, ಘಟ್ಟ ಇಳಿದರೆ ಕುಮ್ಕಿ. ದಾರಿಯಲ್ಲೂ ಬಂಡಿದಾರಿ, ಕಾಲುದಾರಿ, ನಕಾಶೆ ಕಂಡ ದಾರಿ. ಲಂಚದ ವಿಷಯ ಏನೇ ಇರಲಿ, ನೆಲದಲ್ಲಿ ಇಷ್ಟು ಬಗೆಯಿದೆ ಎಂಬುದಾದರೂ ಅವರಿಗೆ ಗೊತ್ತಿದೆ. ತಮಗೆ ಗೊತ್ತಿರುವುದು ಎರಡೇ: ರಸ್ತೆ ಮತ್ತು ಕಾಂಪೌಂಡು.

ಮೂರನೆಯದನ್ನು ಕಂಡವರು ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ರಸ್ತೆಗೆ ನಂಬರ್ ಪ್ಲೇಟ್, ಕಾಡುಮೇಡಿನ ಬೈಕಿಗೆ ಹಸಿರು ಸ್ಟಿಕ್ಕರ್. ಹೆಚ್ಚು ಹೊಗೆ ಉಗುಳುವುದಕ್ಕೆ ಹಿಂದೆಲ್ಲ ಕೆಂಪು ಸ್ಟಿಕ್ಕರ್ ಅಂಟಿಸಿ ಇಂತಿಂಥ ತಿಂಗಳಲ್ಲಿ ಮಾತ್ರ ಬಾ ಅನ್ನುತ್ತಿದ್ದರು. ಅಮೆರಿಕದ ಮಾತು ಬೇಡವೆಂದರೆ ಡಾಕರ್ ರ‍್ಯಾಲಿ ನೋಡಿ. ಅಲ್ಲಿ ಬೆಳಗ್ಗೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಮಿತಿ ಪಾಲಿಸಿಕೊಂಡು ಹೋದ ಬೈಕೇ ಆಮೇಲೆ ಮರಳುದಿಬ್ಬ ಹಾರುತ್ತದೆ. ಅದಕ್ಕೆ ನೋಂದಣಿ ಇರಲೇಬೇಕು. 2015ರಲ್ಲಿ ಆ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. ಉಡುಪಿಯ ಕೆ.ಪಿ. ಅರವಿಂದ್ ಕೂಡ 2019ರಲ್ಲಿ ಮುಗಿಸಿ ಬಂದರು. ಬಿಗ್ ಬಾಸ್ ಮನೆಗೆ ಹೋದ ಮೇಲೇ ನಮ್ಮ ಊರಿನವರಿಗೆ ಅವರ ಗುರುತು ಹತ್ತಿದ್ದು, ಆ ಮಾತು ಬೇರೆ.

ಎಕ್ಸ್‌ಪಲ್ಸ್ ತಗೊಳ್ಳಬಾರದಿತ್ತೇ ಎಂಬ ಸಲಹೆ ಕೌಂಟರಿನಲ್ಲೂ ಬಂತು. ಒಳ್ಳೆಯ ಬೈಕ್, 2019ರಿಂದ ಇದೆ, ಎರಡೂ ಕಡೆ ಓಡುತ್ತದೆ, ನಂಬರೂ ಸಿಗುತ್ತದೆ. ಆದರೆ ತೂಕ 150 ಕೆಜಿಗೆ ಮೇಲೆ. ನನ್ನದು 110 ಕೂಡ ಇಲ್ಲ. ಆಷಾಢದ ಮಳೆಯಲ್ಲಿ ಏರಿನ ಅಂಟುಮಣ್ಣಿನಲ್ಲಿ ಬಿದ್ದ ಬೈಕನ್ನು ಒಬ್ಬನೇ ಎತ್ತಿದವನಿಗೆ ಆ 40 ಕೆಜಿ ಏನೆಂದು ಗೊತ್ತು. ತಾವು ಪುಸ್ತಕದೊಳಗೆ ಬೆಚ್ಚಗಿದ್ದೀರಿ.

ನಂಬರ್ ಕೊಟ್ಟರೆ ಕಾಡಿಗೆ ನುಗ್ಗುತ್ತಾರೆ ಎಂಬ ಭಯ ತಮಗಿದ್ದರೆ ಒಂದು ಮಾತು. ಈಗಲೂ ನುಗ್ಗುತ್ತಿದ್ದಾರೆ. ವಾರಾಂತ್ಯಕ್ಕೆ ಪಿಕಪ್ಪಿನಲ್ಲಿ ಬೈಕ್ ತುಂಬಿಕೊಂಡು ಬಂದು ಶೋಲೆಯ ಹುಲ್ಲುಗಾವಲನ್ನು ಉತ್ತು ಹೋಗುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಆದರೆ ಫಾರೆಸ್ಟ್ ಗಾರ್ಡ್ ಓಡಿಬಂದು ಏನು ಬರೆದುಕೊಳ್ಳಬೇಕು? ಕೆಸರು ಮೆತ್ತಿದ ಹೆಲ್ಮೆಟ್ಟಿನ ಬಣ್ಣವನ್ನೇ? ತಮ್ಮ ಕೃಪೆಯಿಂದ ಆ ಬೈಕುಗಳಿಗೆ ನಂಬರಿಲ್ಲ, ವಿಮೆಯಿಲ್ಲ, ವಿಳಾಸವಿಲ್ಲ. ನಂಬರಿಲ್ಲದ ಬೈಕ್ ಯಾರಿಗಾದರೂ ಬಡಿದರೆ ಪರಿಹಾರ ಕೊಡಲು ವಿಮೆ ಕಂಪನಿಯೂ ಇಲ್ಲ. ಕದ್ದು ಓಡಿಸುವವನಿಗೆ ಇದಕ್ಕಿಂತ ಅನುಕೂಲವಾದ ಕಾನೂನನ್ನು ಅವನೇ ಕೂತು ಬರೆದರೂ ಬರೆಯಲಾರ. ಕೇಳಿಕೊಂಡು ಬಂದ ನನ್ನಂಥವನು ಮಾತ್ರ ಸಾಲಿನಲ್ಲಿ ನಿಂತಿದ್ದಾನೆ.

ಒಂದು ಲಕ್ಷ ಮೀರಿದ ಬೈಕಿಗೆ ನಮ್ಮ ರಾಜ್ಯದ ಆಜೀವ ತೆರಿಗೆ ಶೇ. 18. ಆ ದುಡ್ಡು ತೆಗೆದಿಟ್ಟಿದ್ದೇನೆ. ತಾವು ‘ರಸ್ತೆ’ ಎಂಬಲ್ಲಿ ‘ಮತ್ತು ಇತರೆ ದಾರಿ’ ಎಂದು ಸೇರಿಸಿಕೊಂಡು ಅದಕ್ಕೊಂದು ಹಗುರ ಪರೀಕ್ಷೆ, ಒಂದು ಬೇರೆ ಬಣ್ಣದ ಪ್ಲೇಟು ಇಟ್ಟರೆ ಆ ದಿನವೇ ಕಟ್ಟುತ್ತೇನೆ.

ಇಂತು ತಮ್ಮ ವಿಧೇಯ,
ನೋಂದಣಿಯಾಗದವ

ವಿ.ಸೂ.: ಈ ಪತ್ರವನ್ನು ಬೈಕಿನಲ್ಲೇ ತಂದು ತಲುಪಿಸುವ ಆಸೆಯಿತ್ತು. 192ನೇ ಕಲಮಿನಲ್ಲಿ ಮೊದಲ ತಪ್ಪಿಗೇ 2,000ಕ್ಕೆ ಕಡಿಮೆಯಿಲ್ಲದ ದಂಡ ಇರುವುದರಿಂದ ಕೈಬಿಟ್ಟೆ. ರಿಜಿಸ್ಟರ್ ಪೋಸ್ಟ್ ಮಾಡೋಣವೆಂದು ಅಂಚೆ ಕಚೇರಿಗೆ ನಡೆದುಕೊಂಡು ಹೋದರೆ, 2025ರಲ್ಲೇ ಅದನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿಬಿಟ್ಟಿದ್ದಾರೆ. ಮೇಲೆ ಐದು ರೂಪಾಯಿ, ಅದರ ಜಿಎಸ್‌ಟಿ ಕೊಟ್ಟರೆ ನೋಂದಣಿಯೂ ಆಗುತ್ತದೆ ಅಂದರು. ಕೊಟ್ಟೆ. ಫಾರಂ 22 ಎಲ್ಲಿ ಎಂದು ಯಾರೂ ಕೇಳಲಿಲ್ಲ.